ಹೆರೋದನ ಉಪಾಯ

ಬೀದಿ ತಿರುವಿನಲ್ಲಿ ಹೆಳವ ಮಂಚಯ್ಯನ ಗಂಟೆ ಕೇಳಿಸಿದ್ದೇ ತಡ, ರೂಪಶ್ರೀ ಹಿತ್ತಿಲ ಬಾಗಿಲಿಂದ ಓಡಿದಳು. ವರ್ಷಕ್ಕೊಮ್ಮೆ ಎತ್ತಿನ ಮೇಲೆ ದುದ್ದ ಗ್ರಾಮಕ್ಕೆ ಬಂದು ಮನೆಮನೆಯ ವಂಶ ಹಾಡುವವನು ಅವನು.

“ಮಂಚಣ್ಣ, ಇವತ್ತು ಹಾಡೋವಾಗ ನಮ್ಮ ಹಳೇ ತಲೆಮಾರಿಗೆ ಲಿಂಗ ಕಟ್ಟೋರ ಹೆಣ್ಣೊಂದನ್ನ ಸೇರಿಸ್ಬುಡು,” ಎಂದು ರೇಷ್ಮೆ ಸೀರೆಯೊಂದನ್ನು ಅವನ ಮಡಿಲಿಗೆ ಹಾಕಿದಳು.

“ಅಯ್ಯೋ, ನಿಮ್ಮಪ್ಪ ಗೌಡ್ರು ನನ್ನ ಬುಟ್ಟಾರಾ ಅವ್ವ?” ಎಂದ ಮಂಚಯ್ಯ. ಸೀರೆಯಂತೂ ಆಗಲೇ ಚೀಲ ಸೇರಿತ್ತು.

ಉಪಾಯ ಅವಳದಲ್ಲ, ಹೆರೋದನದು. ಹಾಸನದ ಕಾಲೇಜಿನಲ್ಲಿ ಇತಿಹಾಸದ ಮೇಡಂ ಆಗಿದ್ದ ಅವಳು ನಿನ್ನೆಯಷ್ಟೇ ಆ ಪಾಠ ಮಾಡಿದ್ದಳು. ರೋಮಿನವರು ಯೆಹೂದ್ಯರಿಗೆ ರಾಜನೆಂದು ತಂದು ಕೂರಿಸಿದ ಹೆರೋದನ ಅಪ್ಪ ಹೊರಗಿನ ಎದೋಮ್ ಕುಲದವನು, ತಾಯಿ ಅರಬರವಳು. ಜನ ಮೂಗು ಮುರಿದರು. ಆಸ್ಥಾನ ಪಂಡಿತನೊಬ್ಬ, ಇವರದು ಬ್ಯಾಬಿಲೋನಿನಿಂದ ಬಂದ ಅಸಲಿ ಯೆಹೂದ್ಯರ ಮನೆತನ ಎಂದು ಬರೆದೇ ಬಿಟ್ಟ! ರೂಪಶ್ರೀ ಮೆಚ್ಚಿದ ಅರಕಲಗೂಡಿನ ಗೌರೀಶನದೂ ಅದೇ ಪಾಡು. ಅಪ್ಪ ಗೌಡ, ತಾಯಿ ಪಾರ್ವತಮ್ಮ ಲಿಂಗ ಕಟ್ಟುವವರ ಮಗಳು. “ಬೆರಕೆ ಮನೆಗೆ ನನ್ನ ಮಗಳ್ನ ಕೊಡಾಕಿಲ್ಲ,” ಎಂದು ರೂಪಶ್ರೀಯ ಅಪ್ಪ ದೇವರಾಜೇಗೌಡರು ಪಟ್ಟು ಹಿಡಿದು ಕೂತಿದ್ದರು. ಗೌರೀಶನ ವಂಶ ತಿದ್ದುವ ಹಾಗಿಲ್ಲವಲ್ಲ, ನಮ್ಮದನ್ನೇ ಬೆರೆಸಿದರಾಯಿತು ಎಂದುಕೊಂಡಳು ಕಿಲಾಡಿ.

ಜಗಲಿಯ ಮುಂದೆ ಮಂಚಯ್ಯ ರಾಗ ಎಳೆದ. ಗೌಡರು ಮೀಸೆ ತಿರುವುತ್ತ ಕೂತರು. ಬಾಗಿಲಲ್ಲಿ ರೂಪಶ್ರೀಯ ಪಕ್ಕ ಅಜ್ಜಿ ಪುಟ್ಟತಾಯಮ್ಮ ಮೊರದ ತುಂಬ ರಾಗಿ ಹಿಡಿದು ನಿಂತಳು.

“ನಿಮ್ಮ ಮುತ್ತಾತ ಕಾಳೇಗೌಡ್ರು, ಅವರ ಕೈ ಹಿಡಿದೋರು ಚನ್ನರಾಯಪಟ್ಟಣದ ಕಡೆ ಲಿಂಗ ಕಟ್ಟೋರ ಮಗಳು ನೀಲಗಂಗಮ್ಮ...”

ಮೀಸೆಯ ಮೇಲಿನ ಕೈ ಅಲ್ಲೇ ನಿಂತಿತು. “ಏನಂದೆಲಾ?”

“ಇದ್ದದ್ದು ಅಂದೆ ಸಾಮಿ. ಇದು ಸುಳ್ಳಾದ್ರೆ ಮಿಕ್ಕಿದ್ದೂ ಸುಳ್ಳೇಯ.”

ಗೌಡರು ಒಳ್ಳೇ ಪೇಚಿಗೆ ಸಿಕ್ಕಿಬಿದ್ದರು. ಸುಳ್ಳೆಂದರೆ ವಂಶವೇ ಹೋಯಿತು, ನಿಜವೆಂದರೆ ಬೆರಕೆ ಮನೆಯೊಳಗೇ ಬಂತು. ಎದ್ದು ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. “ಆ ಅರಕಲಗೂಡಿನೋರ್ಗೆ ಭಾನುವಾರ ಬರಕ್ಕೇಳು,” ಎಂದವರೇ ಮಗಳ ಮುಖವನ್ನೂ ನೋಡದೆ ತೋಟದ ಕಡೆ ನಡೆದರು.

ರೂಪಶ್ರೀಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಮೊರ ಹಿಡಿದೇ ಒಳಗೆ ಹೋದ ಅಜ್ಜಿಯ ಹಿಂದೆಯೇ ಹೋಗಿ ಅವಳನ್ನು ತಬ್ಬಿಕೊಂಡು ಎಲ್ಲ ಒಪ್ಪಿಸಿದಳು. “ಆ ಹೆಸರು ಮಾತ್ರ ನಾನು ಹೇಳ್ಕೊಟ್ಟಿರ್ಲಿಲ್ಲ ಕಣಜ್ಜಿ. ನೀಲಗಂಗಮ್ಮ ಅಂತೆ! ಎಷ್ಟು ಚೆನ್ನಾಗಿ ಹುಟ್ಟಿಸ್ದ!”

“ನೀಲಗಂಗಮ್ಮ ನಮ್ಮತ್ತೆಯ ಅತ್ತೆ ಕಣವ್ವ,” ಎಂದಳು ಅಜ್ಜಿ. “ಆ ಹೆಸರು ಬುಟ್ಟು ಹಾಡ್ಲಿ ಅಂತ್ಲೇ ವರ್ಷಾ ವರ್ಷಾ ಒಂದು ಮೊರ ರಾಗಿ ಜಾಸ್ತಿ ಕೊಡ್ತಿದ್ವಿ.”

ಮೊರದಲ್ಲಿದ್ದ ಆ ಜಾಸ್ತಿ ರಾಗಿಯನ್ನು ಅವಳು ನಿಧಾನವಾಗಿ ಮೂಟೆಗೆ ವಾಪಸು ಸುರಿದಳು.