ನೆಕ್ಕಿ ನೋಡಿದ ಕಲ್ಲು

ಮಗುವಿನ ಬಾಯಿ ತೆರೆದೇ ಇತ್ತು, ಆದರೆ ಅಳು ಹೊರಡಲಿಲ್ಲ. ತುಟಿ ನೀಲಿಗಟ್ಟುತ್ತಿತ್ತು. ಮೂಲೆಯಲ್ಲಿ ಕಲ್ಲಿಗೆ ಹೊಳಪು ಕೊಡುವ ಯಂತ್ರದ ಡಬ್ಬಿ ಮಾತ್ರ ಗರಗರನೆ ಉರುಳುತ್ತಲೇ ಇತ್ತು.

"ರೀ, ಕಲ್ಲು ನುಂಗಿದಾಳೆ! ಬೆರಳು ಹಾಕಿ ತೆಗೀರಿ!" ಹೆಂಡತಿ ಕಿರುಚಿದಳು.

"ಒಳಕ್ಕೆ ಹೋಗುತ್ತೆ ಕಣೇ, ಸುಮ್ನಿರು!" ಬಡಗಿ ಮಗಳನ್ನು ತೊಡೆಯ ಮೇಲೆ ಬೋರಲು ಹಾಕಿ, ತಲೆ ತಗ್ಗಿಸಿ, ಬೆನ್ನಿಗೆ ಗುದ್ದಿದ. ಉಳಿ ಸುತ್ತಿಗೆ ಹಿಡಿದು ಗಟ್ಟಿಯಾದ ಕೈ. ಎಲುಬು ಮುರಿದೀತೆಂದು ಮೊದಲ ಏಟಿಗೆ ಹೆದರಿದ, ಆಮೇಲೆ ಹೆದರುವುದನ್ನೂ ಮರೆತ. ಬೇಸಿಗೆ ಪೂರ್ತಿ ಹೊಳೆದಂಡೆಯ ಕಲ್ಲು ಹೆಕ್ಕಿ ತಂದು, ಹೊಳಪು ಕೊಟ್ಟರೆ ಎಂಥ ಬಣ್ಣ ಬಂದೀತೆಂದು ಒಂದೊಂದನ್ನೂ ನೆಕ್ಕಿ ನೋಡಿದವನು ಅವನೇ. "ಮಗು ನೋಡ್ತಿದೆ, ನೀರಲ್ಲಿ ಅದ್ದಬಾರದಾ?" ಎಂದು ಹೆಂಡತಿ ಬೈದಾಗ, "ಎಂಜಲಿಗೆ ಬರೋ ಹೊಳಪು ನೀರಿಗೆ ಬರುತ್ತೇನೇ?" ಎಂದು ನಕ್ಕವನೂ ಅವನೇ.

ಮಗುವಿನ ಕಾಲು ಒದೆಯುವುದನ್ನು ನಿಲ್ಲಿಸಿತು.

"ಉಗಿಯೇ ನನ್ನವ್ವ, ಉಗಿಯೇ!" ಎಂದು ಇದ್ದಬದ್ದ ಬಲವನ್ನೆಲ್ಲ ಹಾಕಿ ಗುದ್ದಿದ. ಕೆಂಪು ಕಲ್ಲೊಂದು ಟಕ್ಕೆಂದು ನೆಲಕ್ಕೆ ಬಿತ್ತು. ಮನೆ ಸೂರು ಹಾರುವಂತೆ ಮಗು ಅತ್ತಿತು. ಹೆಂಡತಿ ಯಂತ್ರದ ವೈರು ಕಿತ್ತೆಸೆದಳು. ಬಡಗಿ ಮಗಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು ಗೋಡೆಗೆ ಒರಗಿದ.

ಬಿಕ್ಕುತ್ತಲೇ ಮಗು ಅವನ ತೊಡೆಯಿಂದ ಇಳಿದು, ಎಂಜಲಲ್ಲಿ ಮಿರಮಿರ ಮಿನುಗುತ್ತಿದ್ದ ಆ ಕಲ್ಲನ್ನು ಹೆಕ್ಕಿ, ಅಪ್ಪನ ಬಾಯಿಗೆ ಹಿಡಿಯಿತು.

"ಅಪ್ಪಾ, ನೆಕ್ಕು."