ಬೇರೆ ತಣಿಗೆ

"ಆ ತಣಿಗೆ ಮುಟ್ಟಬ್ಯಾಡ ಕಣೇ!" ಕುರಿರೊಪ್ಪದ ಬೇಲಿಯಾಚೆಯಿಂದಲೇ ಜುಂಜಣ್ಣ ಕೂಗಿದ.

ಹೆಂಡತಿ ಜಯಕ್ಕ ಮುಟ್ಟಿಯೇ ಬಿಟ್ಟಿದ್ದಳು. ಮದುವೆಯಾದಾಗಿನಿಂದ ಜಾಲಿಮರದ ಕೆಳಗೆ, ಮಂದೆನಾಯಿ ಕರಿಯನಿಗೆ ಮೊದಲ ತುತ್ತು ಹಾಕಿ, ಒಂದೇ ತಣಿಗೆಯಲ್ಲಿ ಮುದ್ದೆ ಉಂಡ ಜೋಡಿ ಅದು. ಹಿರಿಯೂರಿನಲ್ಲಿ ರಕ್ತ ಕೊಡಲು ಹೋದ ಜುಂಜಣ್ಣನಿಗೆ ಹೆಪಟೈಟಿಸ್ ಬಿ ಇದೆ ಎಂದು ತಿಳಿದದ್ದೇ ತಡ, ಮಹಾರಾಯನದು ಬೇರೆ ತಣಿಗೆ, ಬೇರೆ ಚೊಂಬು, ಬೇರೆ ಮರದ ನೆರಳು! ಲಿವರ್ ಚೆನ್ನಾಗಿದೆ, ಆಗಾಗ ಬಂದು ತೋರಿಸು ಎಂದು ಡಾಕ್ಟರು ಹೇಳಿದ್ದರು. ಅವನ ಭಯ ತನ್ನ ಬಗ್ಗೆಯಲ್ಲ, ಹೆಂಡತಿಯ ಬಗ್ಗೆ.

ಚಿತ್ರದುರ್ಗದ ಲ್ಯಾಬಿನಲ್ಲಿ ಕೆಲಸ ಮಾಡುವ ಮಗಳು ರಂಜಿತಾ, ಅವ್ವನ ರಕ್ತಪರೀಕ್ಷೆಯ ಫಲಿತಾಂಶ ಹೇಳಲು ಬಂದಿದ್ದಳು.

"ತಣಿಗೆಯಿಂದ ಬರಾದಲ್ಲ ಅಪ್ಪಯ್ಯ, ಎಷ್ಟ್ ಸಲ ಹೇಳ್ಲಿ?"

"ಒಳಗೆ ಕುಂತೈತೆ ಅಂತ ನಂಗೇ ಗೊತ್ತಾಗ್ಲಿಲ್ಲ. ಒಂದು ಜ್ವರ ಇಲ್ಲ, ನೋವಿಲ್ಲ. ಅದನ್ನ ಹೆಂಗೆ ನಂಬಾದು?"

ರಂಜಿತಾ ಕರಿಯನ ತಲೆ ಸವರಿದಳು. "ಮೈಯಾಗೂ ಇಂಥ ಕಾವಲು ಐತೆ. ಕಳ್ಳ ಬಂದ್ರೆ ಒಂದು ಬೊಗಳತೈತೆ, ಅದನ್ನ ಕೇಳಿ ಉಳಿದವು ಓಡಿ ಬರ್ತವೆ. ನಿಂಗೆ ಇದು ಹುಟ್ಟಿದಾಗ್ಲೇ ಬಂದಿರ್ಬೇಕು. ಕಣ್ಣು ಬಿಟ್ಟಾಗಿಂದ ನೋಡಿ ನೋಡಿ, ಮನೆಯೋನೇ ಅನ್ಕಂಡು ನಿನ್ನ ಕಾವಲು ಬೊಗಳಾದು ಬಿಟ್ಟೈತೆ."

ಜುಂಜಣ್ಣ ಹೆಂಡತಿಯ ಕಡೆ ನೋಡಿದ. "ನಿಮ್ಮವ್ವಂಗೆ ಅಂಟಿಸ್ಬಿಟ್ನೇನವ್ವ?"

"ಅಂಟಿತ್ತು."

ಪಾಪ, ಅವನು ಹೆಂಡತಿಯಿಂದ ಇನ್ನೂ ನಾಲ್ಕು ಹೆಜ್ಜೆ ಹಿಂದೆ ಸರಿದ.

"ಪೂರ್ತಿ ಕೇಳು! ದೊಡ್ಡೋಳಾದ ಮ್ಯಾಲೆ ಬಂದೈತಲ್ಲ, ಅವ್ವನ ಕಾವಲು ಗುರ್ತು ಹಿಡಿದು ಹರಕಂಡು ತಿಂದೈತೆ. ರೋಗ ಇಲ್ಲ. ಇನ್ ಮ್ಯಾಲೂ ಅಂಟಲ್ಲ."

ಜಯಕ್ಕನಿಗೆ ಥಟ್ಟನೆ ನೆನಪಾಯಿತು. ಮದುವೆಯಾದ ವರ್ಷ ಅವಳಿಗೆ ಕಾಮಾಲೆಯಾಗಿತ್ತು. ಕಣ್ಣೆಲ್ಲ ಹಳದಿ. ಜವನಗೊಂಡನಹಳ್ಳಿಯ ಆಸ್ಪತ್ರೆಯವರೆಗೂ ಇದೇ ಜುಂಜಣ್ಣ ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡು ನಡೆದಿದ್ದ. ವಾಸಿಯಾಗುವವರೆಗೂ ಅವನೇ ಗಂಜಿ ಕಾಯಿಸಿ ಕುಡಿಸಿದ್ದ.

"ಅಯ್ಯೋ ನನ್ನಪ್ಪ, ರೋಗ ಕೊಟ್ಟೋನೂ ನೀನೇ, ಹೊತ್ಕಂಡು ಓಡಿದೋನೂ ನೀನೇನಾ!" ಜಯಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಅವಳು ಅವನ ಬೇರೆ ತಣಿಗೆಯಲ್ಲಿ ಮೊದಲ ತುತ್ತು ಹಾಕಿ ಕರಿಯನ ಮುಂದಿಟ್ಟಳು. ಅದು ಬಾಲ ಅಲ್ಲಾಡಿಸುತ್ತ ಬಾಯಿ ಹಾಕಿತು.

"ನಿನ್ನ ತಣಿಗೆ ಅದರ ಪಾಲಾತು. ನೀನು ತಂದಿದ್ದನ್ನ ಓಡಿಸೀನಿ, ನಿನ್ನ ಓಡಿಸಾಕೆ ಮಾತ್ರ ಆಗ್ಲಿಲ್ಲ ನೋಡು. ಬಾ, ಮುದ್ದೆ ಆರ್ತೈತೆ."