ಮೂರು ಬಿಳಿ ಪ್ಲಗ್ಗು

ಎಂಜಿನ್ನಿನಿಂದ ಬಿಚ್ಚಿದ ಸ್ಪಾರ್ಕ್ ಪ್ಲಗ್ಗುಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ ಅಂಬ್ರಪ್ಪನ ಕೈಯಿಂದ ಚಹಾ ಪ್ಯಾಂಟಿನ ಮೇಲೆ ಚೆಲ್ಲಿತು. ಮೂರಕ್ಕೆ ಮೂರೂ ಬಿಳಿ!

ಮುಕ್ಕಾಲು ಗಂಟೆಯ ಹಿಂದೆ ರೇವಣಸಿದ್ದ ತನ್ನ ಶಾಲೆ ವ್ಯಾನನ್ನು ಕೆಮ್ಮಿಸುತ್ತ ಅಂಬ್ರಪ್ಪನ ಗ್ಯಾರೇಜಿಗೆ ತಂದಿದ್ದ. "ಯಜಮಾನ್ರ, ಮಿಸ್ಸಿಂಗ್ ಹೊಡಿಲಾಕತ್ತದ. ಲಗೂನ ಪ್ಲಗ್ ಬದಲಿ ಮಾಡ್ರಿ. ಶಿರವಾಳದಾಗ ಹುಡುಗ್ರು ಕಾಯ್ಕೋತ ನಿಂತಾರ" ಎಂದು ಕುದುರೆ ಏರಿ ಬಂದವನಂತೆ ಅವಸರ ಮಾಡಿದ್ದ. ಅಂಬ್ರಪ್ಪ ಮೂರೂ ಹೊಸವು ಹಾಕಿ, ಹಳೆಯವನ್ನು ಪೇಪರಿನ ಮೇಲಿಟ್ಟು, ವ್ಯಾನು ಶಹಾಪುರ ದಾಟಿ ಹೋದ ಮೇಲೆ ಚಹಾ ಹಿಡಿದು ಕುಳಿತಿದ್ದ.

ಹಳೆಯ ಪ್ಲಗ್ಗನ್ನು ನೋಡದೆ ಎಸೆಯುವ ಜಾತಿಯವನಲ್ಲ ಅವನು. ಡಾಕ್ಟರು ನಾಲಿಗೆ ನೋಡಿದಂತೆ ನೋಡಲೇಬೇಕು, ಅದೊಂದು ಹುಚ್ಚು ಅನ್ನಿ. ತುದಿಗೆ ಮಸಿ ಹಿಡಿದಿದ್ದರೆ ಎಂಜಿನ್ನು ಪೆಟ್ರೋಲು ಹೆಚ್ಚು ಕುಡಿಯುತ್ತಿದೆ. ಎಣ್ಣೆ ಜಿನುಗಿದ್ದರೆ ಒಳಗೆ ಸವೆದಿದೆ. ರೊಟ್ಟಿಯ ಮೇಲಿನ ಸುಟ್ಟ ಚುಕ್ಕೆಯ ಹಾಗೆ ಕಂದಾಗಿದ್ದರೆ ಗಾಡಿ ಗಟ್ಟಿಮುಟ್ಟು, ಚಿಂತೆಯಿಲ್ಲ. ಇವು ಯಾವುದೂ ಅಲ್ಲ. ಮಸಿಯ ಸುಳಿವೇ ಇಲ್ಲದೆ ತೊಳೆದಿಟ್ಟ ಹಾಗಿವೆ. ಇಂಥವನ್ನು ಅವನು ಗ್ಯಾಸಿನ ಆಟೋಗಳಲ್ಲಿ ಮಾತ್ರ ಕಂಡಿದ್ದ. ರೇವಣಸಿದ್ದನದು ಪೆಟ್ರೋಲು ವ್ಯಾನು, ಅದಕ್ಕೆ ಗ್ಯಾಸಿನ ಟ್ಯಾಂಕೇ ಇಲ್ಲ. ಅಂದರೆ ಅಡುಗೆಮನೆಯ ಸಿಲಿಂಡರು, ಎಲ್ಲೋ ಸೀಟಿನ ಕೆಳಗೆ! ಪೆಟ್ರೋಲು ಸರಿಯಾಗಿ ಬರದಿದ್ದರೂ ಪ್ಲಗ್ಗು ಬೆಳ್ಳಗಾಗುತ್ತದಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಆದರೆ ಪ್ಲಗ್ಗು ಬದಲಿಸುವಾಗ ತಾನು ಹಿಂದಿನ ಬಾಗಿಲಿಗೆ ಕೈ ಹಾಕಿದರೆ ರೇವಣಸಿದ್ದ "ಅದು ಕೆಟ್ಟು ಕುಂತದ, ಬಿಡ್ರಿ" ಎಂದು ಓಡಿ ಬಂದು ಅಡ್ಡ ನಿಂತಿದ್ದ. ಆಗ ಯಾಕೆ ಹೊಳೆಯಲಿಲ್ಲವೋ!

ಆ ವ್ಯಾನಿನಲ್ಲೇ ಅಂಬ್ರಪ್ಪನ ಮೊಮ್ಮಗಳು ನಂದಿನಿ ದಿನವೂ ಶಿರವಾಳದಿಂದ ಶಾಲೆಗೆ ಬರುತ್ತಾಳೆ. ರೇವಣಸಿದ್ದನಿಗೆ ಫೋನು ಹಚ್ಚಿದ. ಎತ್ತಲಿಲ್ಲ. ಮತ್ತೆ ಹಚ್ಚಿದ. ಮೂರನೆಯ ಸಲ ಸೊಸೆಗೆ ಹಚ್ಚಿದ.

"ಶಿವರಂಜನಿ, ವ್ಯಾನ್ ಬಂತೇನು?"

"ಈಗರೇ ಹೋಯ್ತ್ರಿ ಮಾವಾರ. ನಂದಿನಿನ್ನ ಹತ್ತಿಸಿ ಒಳಗ ಬಂದೀನಿ. ಯಾಕ್ರಿ?"

"ಏನಿಲ್ಲ, ಸುಮ್ನ ಕೇಳ್ದೆ" ಎಂದ.

ಪ್ಲಗ್ಗುಗಳನ್ನು ಅಂಗಿಯ ಜೇಬಿಗೆ ಸುರಿದುಕೊಂಡು ಸ್ಕೂಟರು ಹತ್ತಿದ. 'ಇನ್ನ ಕಿಡಿ ಚೊಲೋ ಬೀಳ್ತದ, ಹೋಗು' ಎಂದು ವ್ಯಾನಿನ ಬೆನ್ನು ತಟ್ಟಿ ಕಳಿಸಿದವನು ತಾನೇ. ಒಂದು ತಿರುವಿನಲ್ಲಿ ದೂರಕ್ಕೆ ಹೊಗೆ ಕಂಡಿತು. ದಟ್ಟವಾದ ಕಪ್ಪು ಹೊಗೆ. ಅದನ್ನೇ ನೋಡುತ್ತಿದ್ದಂತೆ ಸ್ಕೂಟರು ರಸ್ತೆಯಿಂದ ಜಾರಿತು. 'ನನ್ನಪ್ಪಾ ಶಿವನೇ' ಎಂದು ಹೇಗೋ ಸಂಭಾಳಿಸಿಕೊಂಡು ಹತ್ತಿರ ಹೋಗಿ ನೋಡಿದರೆ ಯಾರೋ ಹೊಲದಲ್ಲಿ ಹತ್ತಿಕಟ್ಟಿಗೆ ಸುಡುತ್ತಿದ್ದರು. ಅಂಬ್ರಪ್ಪನಿಗೆ ಆ ರೈತನ ಮೇಲೂ ಸಿಟ್ಟು ಬಂತು.

ಮುಂದಿನ ಏರಿನಲ್ಲಿ ವ್ಯಾನು ಎದುರಾಯಿತು. ಅಂಬ್ರಪ್ಪ ಸ್ಕೂಟರನ್ನು ರಸ್ತೆಗೆ ಅಡ್ಡ ಹಾಕಿ ಎರಡೂ ಕೈ ಎತ್ತಿ ನಿಂತ.

"ಚಾವಿ ತೆಗಿ! ಮೊದ್ಲ ಚಾವಿ ತೆಗಿ!"

"ಏನಾತ್ರಿ ಯಜಮಾನ್ರ?" ರೇವಣಸಿದ್ದ ಗಾಬರಿಯಾಗಿ ಕೆಳಗಿಳಿದ.

ಅಂಬ್ರಪ್ಪ ಪ್ಲಗ್ಗುಗಳನ್ನು ಅವನ ಮುಖಕ್ಕೆ ಹಿಡಿದ. "ಗ್ಯಾಸ್ ಎಲ್ಲಿಟ್ಟಿ?"

"ಎಲ್ಲೀ ಗ್ಯಾಸ್ರಿ! ನಿಮಗೆಲ್ಲೋ ಭ್ರಮಿ."

"ನನಗ ಹೇಳ್ತಿಯೇನೋ? ನೀ ಹುಟ್ಟೋಕಿಂತ ಮೊದ್ಲಿಂದ ಇವನ್ನ ನೋಡ್ಲಾಕತ್ತೀನಿ."

ರೇವಣಸಿದ್ದ ವ್ಯಾನಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಹೌದ್ರಿ, ಅದ. ಮೆಲ್ಲಕ ಮಾತಾಡ್ರಿ, ನಿಮ್ಮ ಕಾಲು ಬೀಳ್ತೀನಿ. ಪೆಟ್ರೋಲ್ ಹಾಕಿದ್ರ ನನಗೇನೂ ಉಳಿಯಂಗಿಲ್ರಿ. ನಾಕು ತಿಂಗಳಾತು, ಒಂದಿನರೇ ಏನರೇ ಆಗ್ಯಾದೇನು?"

"ಆದ ದಿನ ಹೇಳ್ಲಾಕ ನೀನೂ ಇರಂಗಿಲ್ಲೋ ಹರಾಮ್‌ಖೋರ! ಕೂಸುಗಳ ಕುಂಡಿ ಕೆಳಗ ಕೆಂಡ ಇಟ್ಕೊಂಡು ತಿರಗ್ತಿಯಲ್ಲೋ!" ಅಂಬ್ರಪ್ಪ ವ್ಯಾನಿನ ಬಾಗಿಲು ಎಳೆದು ತೆರೆದ. "ಇಳೀರಿ ಮಕ್ಕಳ್ರ್ಯಾ, ಎಲ್ರೂ ಇಳೀರಿ. ಅಲ್ಲಿ ಬೇವಿನಗಿಡದ ತನಕಾ ಓಡ್ರಿ."

ಚೀಲ, ನೀರಿನ ಬಾಟಲಿ ಸಮೇತ ಮಕ್ಕಳು ಒಬ್ಬರ ಮೇಲೊಬ್ಬರು ಇಳಿದರು. ಎಲ್ಲರ ಅಂಗಿಯೂ ಬೆವರಿಗೆ ಬೆನ್ನಿಗಂಟಿತ್ತು. ಹನ್ನೊಂದು ಮಂದಿ ಓಡಿದರು. ಅವರಲ್ಲಿ ನಂದಿನಿ ಇರಲಿಲ್ಲ. ಅಂಬ್ರಪ್ಪ ಒಳಗೆ ಬಗ್ಗಿ ನೋಡಿದ. ಹಿಂದಿನ ಸೀಟಿನ ಮೂಲೆಯಲ್ಲಿ ಅವಳೊಬ್ಬಳೇ, ಎರಡೂ ಕೈಯಿಂದ ಸೀಟನ್ನು ಬಿಗಿಯಾಗಿ ಹಿಡಿದು ಕುಳಿತಿದ್ದಳು. ಅವಳ ತೂಗುವ ಕಾಲುಗಳ ಹಿಂದೆ ಗೋಣಿಚೀಲ ಹೊದೆಸಿದ ಕೆಂಪು ಸಿಲಿಂಡರು ಅಡ್ಡ ಮಲಗಿತ್ತು. ಗ್ಯಾಸು ಹರಿದು ತಣ್ಣಗಾದ ಅದರ ಮೈ ಮೇಲೆ ನೀರ ಹನಿಗಳು ಕೂತಿದ್ದವು.

"ನನ್ನವ್ವಾ, ಬಾ, ಲಗೂನ ಇಳಿ."

"ಒಲ್ಲೆ ಹೋಗು ಮುತ್ಯಾ" ಎಂದಳು ನಂದಿನಿ. "ನಾ ಇಳದ್ರ ಭೀಮು ಬಂದು ಕುಂದರ್ತಾನ. ಈ ಸೀಟೊಂದೇ ತಣ್ಣಗಿರ್ತದ, ಎಲ್ರೂ ಇದಕ್ಕೇ ಜಗಳಾಡ್ತಾರ. ಇವತ್ತು ನನ್ನ ಪಾಳಿ."